ಹಳೆ ಮಸಲ್ ಕಾರು ತಿರುವಿನಲ್ಲೂ ಓಡಬೇಕು ಅಂದರೆ: ಯಾವ ಬಾಡಿ, ಯಾವ ಕಿಟ್, ಯಾವ ಎಂಜಿನ್?

ಮೊದಲೇ ಹೇಳಿಬಿಡುತ್ತೇನೆ. ಇದು ನಿಲ್ಲಿಸಿ, ಒರೆಸಿ, ಫೋಟೋ ಹಿಡಿಯುವ ಕಾರಿನ ಬಗ್ಗೆ ಅಲ್ಲ. ಕಾಲು ಮೈಲಿ ನೇರಕ್ಕೆ ಓಡಿಸಿ ಟೈರ್ ಸುಡುವ ಕಾರಿನ ಬಗ್ಗೆಯೂ ಅಲ್ಲ. 1960ರ ದಶಕದ ಒಂದು ಅಮೆರಿಕನ್ ಮಸಲ್ ಕಾರು (ನೇರ ರಸ್ತೆಯಲ್ಲಿ ಜೋರಾಗಿ ಓಡುವುದಕ್ಕೇ ಹೆಸರಾದದ್ದು) ತಗೊಂಡು, ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುವ ರೆಡಿ ಪಾರ್ಟ್ಸ್ ಹಾಕಿ, ಭಾನುವಾರ ಆಟೋಕ್ರಾಸ್ ಅನ್ನುವ, ಸಮಯ ಅಳೆಯುವ ಓಟದಲ್ಲಿ ಕೋನ್‌ಗಳ ನಡುವೆ ತಿರುಗಿಸಿ, ಆಗೊಮ್ಮೆ ಈಗೊಮ್ಮೆ ಟ್ರ್ಯಾಕ್‌ಗೂ ಹೋಗಿ, ಸಂಜೆ ಅದೇ ಕಾರಿನಲ್ಲಿ ಎಸಿ ಹಾಕಿಕೊಂಡು ಮನೆಗೆ ಬರಬೇಕು ಅನ್ನುವವರಿಗೆ. ಇಲ್ಲಿ ಇದಕ್ಕೆ ಪ್ರೊ ಟೂರಿಂಗ್ ಅನ್ನುತ್ತಾರೆ.

ನಾನಿರುವುದು ಮಿಶಿಗನ್‌ನಲ್ಲಿ, ಡೆಟ್ರಾಯಿಟ್ ಪಕ್ಕ. ಆಗಸ್ಟ್‌ನ ಮೂರನೇ ಶನಿವಾರ ವುಡ್‌ವರ್ಡ್ ರಸ್ತೆ ಬದಿ ಕುರ್ಚಿ ಹಾಕಿಕೊಂಡು, ಚಿತ್ರಾನ್ನದ ಡಬ್ಬಿ ತೊಡೆ ಮೇಲಿಟ್ಟುಕೊಂಡು, ಡ್ರೀಮ್ ಕ್ರೂಸ್ ಅನ್ನುವ ಹಳೆ ಕಾರುಗಳ ಮೆರವಣಿಗೆಯಲ್ಲಿ ಹೋಗುವ ಕಾರುಗಳನ್ನು ವರ್ಷಗಟ್ಟಲೆ ನೋಡಿದೆ. ಆಮೇಲೆ ಸುಮ್ನೆ ಇರಲಾಗಲಿಲ್ಲ. ಆರು ಸಿಲಿಂಡರಿನ 1968ರ ಶೆವ್ರೊಲೆ ಕಮಾರೊ ಒಂದನ್ನು ಟ್ರೇಲರ್ ಮೇಲೆ ಹಾಕಿಕೊಂಡು ಬಂದೆ. ಇಲ್ಲಿರುವ ಹೋಲಿಕೆಯಲ್ಲಿ ಅರ್ಧ ಓದಿ, ಕೇಳಿ ತಿಳಿದದ್ದು. ಇನ್ನರ್ಧ ಕೈ ಸುಟ್ಟುಕೊಂಡು ಕಲಿತದ್ದು.

ರೆಡಿ ಪಾರ್ಟ್ಸ್ ಅಂದರೆ ಎಷ್ಟು ರೆಡಿ?

ಕ್ಯಾಟಲಾಗ್‌ನಲ್ಲಿ "1967ರಿಂದ 69ರ ಕಮಾರೊಗೆ ಹೊಂದುತ್ತದೆ" ಅಂತ ಇರುತ್ತದೆ. ಯಾವ ಕಮಾರೊಗೆ? ಫ್ಯಾಕ್ಟರಿಯಿಂದ ಹೇಗೆ ಬಂತೋ ಹಾಗೇ ಇರುವ ಕಮಾರೊಗೆ. ನೀವು ಒಂದು ಪಾರ್ಟ್ ಬದಲಾಯಿಸಿದ ಕೂಡಲೇ ಅದು ಆ ಕಾರಲ್ಲ. ಎರಡನೇ ಪಾರ್ಟ್ ಮಾಡಿದವರು ನಿಮ್ಮ ಮೊದಲನೇ ಪಾರ್ಟನ್ನು ನೋಡಿಯೇ ಇರುವುದಿಲ್ಲ.

ನನ್ನ ಕಾರಿನಲ್ಲಿ ಎಂಜಿನ್ ಮೌಂಟ್ (ಎಂಜಿನ್ ಕೂರುವ ಆಸರೆ) ಒಬ್ಬರದು, ಎಕ್ಸಾಸ್ಟ್ ಹೆಡರ್ (ಎಂಜಿನ್ನಿನ ಹೊಗೆ ಹೊರಬಿಡುವ ಪೈಪುಗಳು) ಇನ್ನೊಬ್ಬರದು, ಸ್ಟೀರಿಂಗ್ ಶಾಫ್ಟ್ ಮತ್ತೊಬ್ಬರದು. ಮೂರು ಡಬ್ಬಿ ಮೇಲೂ ನನ್ನ ಕಾರಿನ ಹೆಸರೇ. ಜೋಡಿಸಿ ಟಾರ್ಚ್ ಬಿಟ್ಟು ನೋಡಿದರೆ ಎಡಗಡೆಯ ಹೆಡರ್ ಪೈಪಿಗೂ ಶಾಫ್ಟಿನ ಜಾಯಿಂಟಿಗೂ ನಡುವೆ ಒಂದು ಪೋಸ್ಟ್‌ಕಾರ್ಡ್ ತೂರುವಷ್ಟು ಜಾಗ. ಅದೂ ಎಂಜಿನ್ ಆಫ್ ಇದ್ದಾಗ. ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಮೌಂಟಿನ ಮೇಲೆ ಸ್ವಲ್ಪ ಹೊರಳುತ್ತದಲ್ಲ, ಆಗ ಟಣ್ ಅಂತ ಶಬ್ದ, ಕೈಯಲ್ಲಿರುವ ಸ್ಟೀರಿಂಗ್ ವೀಲಿಗೇ ಬಂದು ತಟ್ಟುತ್ತಿತ್ತು. ಮೂರೂ ಕಡೆಗೆ ಫೋನ್ ಮಾಡಿದೆ. ಮೂವರೂ ಬಹಳ ಮರ್ಯಾದೆಯಿಂದ ಉಳಿದ ಇಬ್ಬರ ಕಡೆ ಬೆರಳು ತೋರಿಸಿದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಹಾಗೆ. ಕೊನೆಗೆ ಮೌಂಟ್ ಮತ್ತು ಹೆಡರ್ ಎರಡನ್ನೂ ಒಂದೇ ಕಡೆಯಿಂದ, ಒಂದಕ್ಕೊಂದು ಅಂತಲೇ ಮಾಡಿದ ಜೋಡಿಯಾಗಿ, ಮತ್ತೆ ಕೊಂಡೆ.

ಹಾಗಾಗಿ ಕೆಳಗೆ ಏನೇ ಹೋಲಿಸಿದರೂ ನನ್ನ ಅಳತೆಗೋಲು ಒಂದೇ. ಯಾವ ಪಾರ್ಟ್ ಹೆಚ್ಚು ಒಳ್ಳೆಯದು ಅನ್ನುವುದಕ್ಕಿಂತ, ಅದು ಪಕ್ಕದ ಪಾರ್ಟಿನ ಜೊತೆ ಮೊದಲೇ ಸಂಸಾರ ಮಾಡಿದೆಯಾ ಅಂತ ನೋಡುತ್ತೇನೆ.

ಯಾವ ಬಾಡಿ?

1967–69ರ ಕಮಾರೊ. ಪಾರ್ಟ್ಸ್ ಸಿಗುವ ವಿಷಯದಲ್ಲಿ ಇದಕ್ಕೆ ಎದುರೇ ಇಲ್ಲ. ಡೈನಾಕಾರ್ನ್‌ನವರು ಪೂರ್ತಿ ಬಾಡಿಯನ್ನೇ ಹೊಸದಾಗಿ ಮಾಡಿ ಮಾರುತ್ತಾರೆ, ಅಷ್ಟು ಬೇಡಿಕೆ. ಇದರ ದೊಡ್ಡ ಅನುಕೂಲ ಕೆಳಗಡೆ ಇದೆ. ಮುಂದಿನ ಅರ್ಧಕ್ಕೆ ಬೋಲ್ಟಿನಿಂದ ಕೂರಿಸಿದ ಪ್ರತ್ಯೇಕ ಸಬ್‌ಫ್ರೇಮ್, ಅಂದರೆ ಎಂಜಿನ್ ಮತ್ತು ಮುಂದಿನ ಚಕ್ರಗಳನ್ನು ಹೊರುವ ಚೌಕಟ್ಟು, ಇದೆ. ಅದನ್ನು ಬಿಚ್ಚಿ, ಹೊಸ ಜ್ಯಾಮಿತಿಯ ಸಬ್‌ಫ್ರೇಮ್ ತಂದು ಅದೇ ತೂತುಗಳಿಗೆ ಕೂರಿಸಬಹುದು. ಶೆವ್ರೊಲೆಯ ಮಾತೃ ಕಂಪನಿ ಜಿಎಂನಲ್ಲೇ ಎಂಜಿನಿಯರ್ ಆಗಿದ್ದ ಮಾರ್ಕ್ ಸ್ಟೀಲೋ ಈ ತಲೆಮಾರಿನ ಕಮಾರೊಗಳನ್ನು ಒಂದರ ಹಿಂದೊಂದು ಕಟ್ಟಿ ಓಡಿಸಿದ್ದೂ ಈ ಶೈಲಿ ಇಷ್ಟು ಹರಡಲು ಒಂದು ಕಾರಣ. ತೊಂದರೆ ಅಂದರೆ ಬೆಲೆ. ವಿ8 (ಎಂಟು ಸಿಲಿಂಡರಿನ ಎಂಜಿನ್) ಇರುವ ಅಸಲಿ ಕಾರುಗಳು ಕೈಗೆ ಎಟುಕುವುದಿಲ್ಲ, ಎಟುಕಿದರೂ ಕತ್ತರಿಸಲು ಮನಸ್ಸು ಬರುವುದಿಲ್ಲ, ಬರಲೂಬಾರದು. ಅದಕ್ಕೇ ಆರು ಸಿಲಿಂಡರಿನ ಕಾರು ಹುಡುಕಿ. ಹೇಗೂ ಎಂಜಿನ್ ಎತ್ತಿ ಹಾಕುತ್ತೀರಿ, ಅಲ್ವಾ?

1965–70ರ ಫೋರ್ಡ್ ಮಸ್ಟಾಂಗ್. ಹಗುರ, ಚಿಕ್ಕದು. ಆದರೆ ಎಂಜಿನ್ ಕೂರುವ ಜಾಗದ ಎರಡೂ ಬದಿ ಶಾಕ್ ಟವರ್‌ಗಳು ಗೋಡೆಯಂತೆ ನಿಂತಿವೆ. ಚಕ್ರವನ್ನು ಹಿಡಿದಿಡುವ ಎರಡು ತೋಳುಗಳಲ್ಲಿ (ಆರ್ಮ್) ಮೇಲಿನದರ ಮೇಲೆ ಸ್ಪ್ರಿಂಗ್ ಕೂರುವುದರಿಂದ ಆ ಟವರ್ ಬೇಕೇ ಬೇಕು. ಹಳೆ ಸ್ಮಾಲ್ ಬ್ಲಾಕ್ (ಚಿಕ್ಕ ಗಾತ್ರದ ವಿ8) ಎಂಜಿನನ್ನೇ ಇಟ್ಟುಕೊಳ್ಳುವವರಿಗೆ ಮಾತ್ರ ಇದರಷ್ಟು ಅಗ್ಗದ ದಾರಿ ಇನ್ನೊಂದಿಲ್ಲ. ಮುಂದಿನ ಮೇಲಿನ ಆರ್ಮ್‌ನ ಬೋಲ್ಟ್ ತೂತುಗಳನ್ನು ಒಂದು ಇಂಚು ಕೆಳಗೆ ಹೊಸದಾಗಿ ಕೊರೆದರೆ ಕಾರು ತಿರುಗುವ ರೀತಿಯೇ ಬದಲಾಗುತ್ತದೆ. ಫೋರ್ಡ್ ಎಂಜಿನಿಯರ್ ಕ್ಲಾಸ್ ಆರ್ನಿಂಗ್ ಲೆಕ್ಕ ಹಾಕಿದ್ದು, 1965ರ ಶೆಲ್ಬಿ ಜಿಟಿ350ಗಳಿಗೆ ಹಾಕಿದ್ದು ಇದನ್ನೇ. ಒಂದು ಡ್ರಿಲ್, ಒಂದು ಟೆಂಪ್ಲೇಟ್, ಒಂದು ಶನಿವಾರ. ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಲಾಭ ಕೊಡುವ ಕೆಲಸ ಅಪರೂಪ, ಹೊಟ್ಟೆ ಉರಿದರೂ ಒಪ್ಪಬೇಕು.

1964–72ರ ಶೆವ್ರೊಲೆ ಶೆವೆಲ್. ಪೂರ್ತಿ ಫ್ರೇಮ್ ಇದೆ, ಹಿಂದೆ ಎಲೆ ಸ್ಪ್ರಿಂಗ್ ಬದಲು ಕಾಯಿಲ್ ಸ್ಪ್ರಿಂಗ್ ಮತ್ತು ನಾಲ್ಕು ಆರ್ಮ್ ಇವೆ. ಒಳಗೆ ಜಾಗ ಜಾಸ್ತಿ, ಮಕ್ಕಳನ್ನು ಹಿಂದೆ ಕೂರಿಸಬಹುದು. ತೂಕವೂ ಜಾಸ್ತಿ. ಕೋನ್‌ಗಳ ನಡುವೆ ಆ ಉದ್ದ ಮೂಗನ್ನು ತಿರುಗಿಸುವುದು ಅಂದರೆ ಗಲ್ಲಿಯಲ್ಲಿ ಕೆಎಸ್‌ಆರ್‌ಟಿಸಿ ಬಸ್ ತಿರುಗಿಸಿದ ಹಾಗೆ. ಹೈವೇಗೆ, ದೊಡ್ಡ ಟ್ರ್ಯಾಕ್‌ಗೆ ಚೆನ್ನ.

ಡಾಡ್ಜ್ ಡಾರ್ಟ್, ಪ್ಲಿಮತ್ ಬ್ಯಾರಕೂಡಾ. ಇವುಗಳ ಕಡೆ ಜನ ನೋಡುವುದೇ ಕಡಿಮೆ. ಮುಂದೆ ಕಾಯಿಲ್ ಸ್ಪ್ರಿಂಗೇ ಇಲ್ಲ, ಉದ್ದನೆಯ ಟಾರ್ಷನ್ ಬಾರ್ (ತಿರುಚಿದಾಗ ಸ್ಪ್ರಿಂಗ್ ಕೆಲಸ ಮಾಡುವ ಸರಳು) ಇದೆ. ಎತ್ತರ ಇಳಿಸಬೇಕಾ? ಒಂದು ಬೋಲ್ಟ್ ತಿರುಗಿಸಿ. ಗಟ್ಟಿ ಮಾಡಬೇಕಾ? ದಪ್ಪ ಬಾರ್ ಹಾಕಿ. ಮೂಲ ವಿನ್ಯಾಸವೇ ಚೆನ್ನಾಗಿದೆ. ಪಾರ್ಟ್ಸ್ ಆಯ್ಕೆ ಕಡಿಮೆ, ಆದರೆ ಹೆಚ್ಚು ಪಾರ್ಟ್ಸ್ ಬೇಕಾಗುವುದೂ ಇಲ್ಲ.

ಇಷ್ಟೆಲ್ಲ ಹೇಳಿ ಒಂದು ಗುಟ್ಟು: ಬಜೆಟ್ ಬಿಗಿ ಇದ್ದರೆ ಇವು ಯಾವುವೂ ಬೇಡ. 1998ರಿಂದ 2002ರ ವಿ8 ಕಮಾರೊದಲ್ಲಿ ಎಲ್‌ಎಸ್1 ಎಂಜಿನ್, ಆರು ಗೇರಿನ ಟಿ56 ಗೇರ್‌ಬಾಕ್ಸ್ ಎರಡೂ ಫ್ಯಾಕ್ಟರಿಯಿಂದಲೇ ಸಿಗುತ್ತಿದ್ದವು. 1979–93ರ ಫಾಕ್ಸ್ ಬಾಡಿ ಮಸ್ಟಾಂಗ್ ಕೂಡ ಹಗುರ, ಅಗ್ಗ. ನೋಡಲು ಸೊಗಸಿಲ್ಲ ಅನ್ನುತ್ತೀರಾ? ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ನಾನೂ ಅದಕ್ಕೇ ಅವನ್ನು ಕೊಳ್ಳಲಿಲ್ಲ.

ಯಾವುದೇ ಆಗಲಿ, ತುಕ್ಕು ನೋಡಿಯೇ ಕೊಳ್ಳಿ. ಮಿಶಿಗನ್‌ನಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ, ಇಲ್ಲಿಯ ಕಾರುಗಳ ತಳ ಹಪ್ಪಳ. ವೈಪರ್ ಕೆಳಗಿನ ಕೌಲ್ ಭಾಗಕ್ಕೆ ಒಂದು ಚೊಂಬು ನೀರು ಸುರಿದು, ಒಳಗೆ ಕಾರ್ಪೆಟ್ ಒದ್ದೆ ಆಗುತ್ತದಾ ಅಂತ ಕೈ ಹಾಕಿ ನೋಡಿ. ಮಸ್ಟಾಂಗ್‌ನಲ್ಲಿ ಇದು ಮಾಮೂಲಿ ರೋಗ. ಒದ್ದೆ ಆದರೆ ನಮಸ್ಕಾರ ಹೇಳಿ ಬನ್ನಿ. ಅರಿಜೋನಾ ಕಡೆಯ ಒಣ ಕಾರಿಗೆ ಸಾಗಣೆ ಖರ್ಚು ಕೊಟ್ಟರೂ ವೆಲ್ಡಿಂಗ್‌ಗಿಂತ ಅಗ್ಗ.

ಮುಂದಿನ ಸಸ್ಪೆನ್ಷನ್: ಮೂರು ಮೆಟ್ಟಿಲು

ದುಡ್ಡು ಹಾಕಬೇಕಾದದ್ದು ಇಲ್ಲಿ, ಎಂಜಿನ್‌ಗೆ ಅಲ್ಲ. ಕಾರಣ ಇದೆ. ಆ ಕಾಲದಲ್ಲಿ ಟೈರ್‌ಗಳು ತೆಳು, ಗಟ್ಟಿ. ಕಾರು ತಿರುವಿನಲ್ಲಿ ಬಾಗಿದಾಗ ಹೊರಗಿನ ಚಕ್ರದ ತಲೆ ಒಳಕ್ಕೆ ವಾಲಬೇಕು, ಆಗ ಟೈರಿನ ಪೂರ್ತಿ ಅಗಲ ರಸ್ತೆಗೆ ಅಂಟುತ್ತದೆ. ಹಳೆ ಕಮಾರೊದಲ್ಲಿ ಉಲ್ಟಾ. ಸ್ಪ್ರಿಂಗ್ ಒತ್ತಿದಂತೆಲ್ಲ ಚಕ್ರದ ತಲೆ ಹೊರಕ್ಕೆ ವಾಲುತ್ತದೆ, ಟೈರಿನ ಹೊರ ಅಂಚು ಮಾತ್ರ ನೆಲ ಕೆರೆಯುತ್ತದೆ. ಇದರ ಮೇಲೆ ನೀವು ಎಷ್ಟೇ ಅಗಲದ ಟೈರ್ ಹಾಕಿ, ಅರ್ಧ ಟೈರ್ ದಂಡ.

ಮೊದಲ ಮೆಟ್ಟಿಲು: ಹಳೆ ಸಬ್‌ಫ್ರೇಮ್ ಇಟ್ಟುಕೊಂಡು, ಮೇಲಿನ ಆರ್ಮ್ ಕೂರುವ ತೂತುಗಳನ್ನು ಕೆಳಗಿಳಿಸುವುದು. ಡಿಕ್ ಗಲ್ಡ್‌ಸ್ಟ್ರಾಂಡ್ ಎಂಬ ರೇಸರ್ ಹೆಸರಿನಲ್ಲೇ ಈ ಕೆಲಸ ಕರೆಯುತ್ತಾರೆ. ಅಥವಾ ಉದ್ದನೆಯ ಬಾಲ್ ಜಾಯಿಂಟ್ (ಆರ್ಮ್ ತುದಿಯ ಗುಂಡು ಕೀಲು) ಹಾಕುವುದು. ಜೊತೆಗೆ ಗಟ್ಟಿ ಸ್ಪ್ರಿಂಗ್, ಒಳ್ಳೆ ಶಾಕ್, ದಪ್ಪ ಆಂಟಿರೋಲ್ ಬಾರ್ (ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಸರಳು). ಆಟೋಕ್ರಾಸ್ ಮಾತ್ರ ಮಾಡುವವರಿಗೆ ಇಷ್ಟೇ ಧಾರಾಳ.

ಎರಡನೇ ಮೆಟ್ಟಿಲು: ಪೈಪಿನ ಆರ್ಮ್‌ಗಳು, ಎತ್ತರದ ಸ್ಪಿಂಡಲ್ (ಚಕ್ರ ಕೂರುವ ಭಾಗ), ಕಾಯಿಲೋವರ್ (ಶಾಕ್ ಸುತ್ತಲೇ ಸ್ಪ್ರಿಂಗ್ ಇರುವುದು), ಎಲ್ಲ ಒಂದೇ ಡಬ್ಬಿಯಲ್ಲಿ. ರೈಡ್‌ಟೆಕ್, ಹಾಚ್‌ಕಿಸ್, ಸ್ಪೀಡ್‌ಟೆಕ್ ಇವರೆಲ್ಲ ಹೀಗೆ ಸೆಟ್ ಕೊಡುತ್ತಾರೆ. ನಾನು ನಿಂತಿರುವುದು ಇಲ್ಲೇ. ಕ್ಯಾಸ್ಟರ್ (ಮುಂದಿನ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಐದಾರು ಡಿಗ್ರಿ ಸಿಗುತ್ತದೆ, ಹಳೆ ಆರ್ಮ್‌ಗಳಲ್ಲಿ ಅಷ್ಟು ತರಲು ಶಿಮ್ (ತೆಳು ತಗಡು) ಮೇಲೆ ಶಿಮ್ ಪೇರಿಸಿದರೂ ಆಗುವುದಿಲ್ಲ. ಹೈವೇಯಲ್ಲಿ ಸ್ಟೀರಿಂಗ್ ತಾನಾಗಿ ನೆಟ್ಟಗೆ ನಿಲ್ಲುತ್ತದೆ. ಮೊದಲ ಸಲ ಹಾಗೆ ನಿಂತಾಗ ಹೆಂಡತಿಗೆ ಕೈ ಬಿಟ್ಟು ತೋರಿಸಲು ಹೋಗಿ ಬೈಸಿಕೊಂಡೆ.

ಮೂರನೇ ಮೆಟ್ಟಿಲು: ಸಬ್‌ಫ್ರೇಮೇ ಹೊಸದು, ರ‍್ಯಾಕ್ ಆಂಡ್ ಪಿನಿಯನ್ ಸ್ಟೀರಿಂಗ್ ಸಮೇತ. ಡೆಟ್ರಾಯಿಟ್ ಸ್ಪೀಡ್‌ನವರದ್ದು ಹೆಸರುವಾಸಿ. (ಹೆಸರು ಡೆಟ್ರಾಯಿಟ್, ಅಂಗಡಿ ನಾರ್ತ್ ಕೆರೊಲಿನಾದಲ್ಲಿ!) ಆರ್ಟ್ ಮಾರಿಸನ್, ರೋಡ್‌ಸ್ಟರ್ ಶಾಪ್ ಇವರಂತೂ ಪೂರ್ತಿ ಚಾಸಿಯನ್ನೇ ಕೊಡುತ್ತಾರೆ, ಬಾಡಿ ಎತ್ತಿ ಅದರ ಮೇಲೆ ಇಡುವುದಷ್ಟೇ. ಅಷ್ಟೇ ಅಂದೆ, ಆದರೆ ನಿಮ್ಮ ಕಾರಿನ ಬೆಲೆಗಿಂತ ಕೆಳಗಿನ ಫ್ರೇಮಿನ ಬೆಲೆ ಜಾಸ್ತಿ ಆದೀತು. ಮೂಗಿಗಿಂತ ಮೂಗುತಿ ಭಾರ. ಆದರೂ ಒಂದು ನ್ಯಾಯ ಹೇಳಬೇಕು: ಮೂರನೇ ಮೆಟ್ಟಿಲಿಗೆ ನೇರ ಹೋದವರಿಗೆ ಹೆಡರ್, ಮೌಂಟ್, ಶಾಫ್ಟ್ ಜಗಳ ಕಡಿಮೆ, ಯಾಕೆಂದರೆ ಯಾವ ಎಂಜಿನ್‌ಗೆ ಯಾವ ಹೆಡರ್ ಅಂತ ಮಾರುವವರೇ ಪಟ್ಟಿ ಕೊಡುತ್ತಾರೆ. ಒಂದನೇ ಮೆಟ್ಟಿಲಲ್ಲಿ ಶುರು ಮಾಡಿ, ಆಮೇಲೆ ಎರಡು, ಆಮೇಲೆ ಮೂರು ಅಂತ ಹತ್ತಿದವರು ಮೂರಕ್ಕೂ ದುಡ್ಡು ಕೊಟ್ಟಿರುತ್ತಾರೆ. ಎಲ್ಲಿ ನಿಲ್ಲುತ್ತೀರಿ ಅಂತ ಮೊದಲೇ ಯೋಚಿಸಿ.

ಹಿಂದಿನ ಕಡೆ ಇಷ್ಟು ತಲೆ ಕೆಡಿಸಿಕೊಳ್ಳಬೇಡಿ. ಎಲೆ ಸ್ಪ್ರಿಂಗ್ ಅಂದ ಕೂಡಲೇ ಎತ್ತಿನಗಾಡಿ ಅಂತ ನಗುವವರಿದ್ದಾರೆ. ಒಳ್ಳೆ ಎಲೆ, ಒಳ್ಳೆ ಬುಷ್, ಒಳ್ಳೆ ಶಾಕ್ ಹಾಕಿದರೆ ಅದೇ ಎತ್ತಿನಗಾಡಿ ಚೆನ್ನಾಗಿ ಓಡುತ್ತದೆ. 1968, 69ರಲ್ಲಿ ಟ್ರಾನ್ಸ್-ಆಮ್ ರೇಸ್ ಸರಣಿ ಗೆದ್ದ ಕಮಾರೊ, 1970ರಲ್ಲಿ ಗೆದ್ದ ಮಸ್ಟಾಂಗ್, ಎರಡಕ್ಕೂ ಹಿಂದೆ ಎಲೆ ಸ್ಪ್ರಿಂಗೇ. ಫೋರ್‌ಲಿಂಕ್ ಕಿಟ್ (ಎಲೆ ಸ್ಪ್ರಿಂಗ್ ಬದಲು ನಾಲ್ಕು ಆರ್ಮ್) ಬೇಕಾಗುವುದು ಹಿಂದೆ ಬಹಳ ಅಗಲದ ಟೈರ್ ಹಾಕಲು ಚಕ್ರದ ಗೂಡನ್ನು ಒಳಕ್ಕೆ ಸರಿಸಿ ಎಲೆಗೆ ಜಾಗ ಇಲ್ಲದಂತೆ ಮಾಡಿಕೊಂಡಾಗ. ಸಬ್‌ಫ್ರೇಮ್ ಕನೆಕ್ಟರ್ ಮಾತ್ರ ಬಿಡಬೇಡಿ. ಮುಂದಿನ ಫ್ರೇಮನ್ನು ಹಿಂದಿನ ಬಾಡಿಗೆ ಸೇರಿಸುವ ಎರಡು ಕಬ್ಬಿಣದ ತೊಲೆ, ಅಷ್ಟೇ. ಅದಿಲ್ಲದಿದ್ದರೆ ಕಾರೇ ಒಂದು ಸ್ಪ್ರಿಂಗ್ ಆಗಿಬಿಡುತ್ತದೆ.

ಎಂಜಿನ್: ಎಲ್ಲರೂ ಮೊದಲು ಕೊಳ್ಳುವುದು, ಕೊನೆಗೆ ಕೊಳ್ಳಬೇಕಾದದ್ದು

ಜಿಎಂನ ಎಲ್‌ಎಸ್ ವಿ8 ಎಂಜಿನ್ ಯಾಕೆ ಎಲ್ಲರ ಕಾರಿನಲ್ಲೂ ಇರುತ್ತದೆ ಅಂತ ಬೈಯುವವರು ಬೈಯಲಿ. 1997ರ ಕಾರ್ವೆಟ್‌ನಲ್ಲಿ ಬಂದ ಈ ಕುಟುಂಬದ ಎಂಜಿನ್‌ಗಳಲ್ಲಿ ಕ್ಯಾಮ್‌ಶಾಫ್ಟ್ (ವಾಲ್ವ್‌ಗಳನ್ನು ತೆರೆಯುವ ದಂಡ) ಒಂದೇ, ಅದೂ ಬ್ಲಾಕ್ ಒಳಗೆ. ಹಾಗಾಗಿ ತಲೆ ಚಿಕ್ಕದು, ಒಟ್ಟು ಗಾತ್ರ ಚಿಕ್ಕದು, ಎಲ್ಲಿಗೆ ಬೇಕಾದರೂ ತೂರುತ್ತದೆ. ಹೊಸ ಎಲ್‌ಎಸ್3, ಅಂದರೆ 6.2 ಲೀಟರ್, 430 ಹಾರ್ಸ್‌ಪವರ್, ಡಬ್ಬಿಯಲ್ಲಿ ಬರುತ್ತದೆ. ಬ್ಲಾಕ್ ಅಲ್ಯೂಮಿನಿಯಂ, ಹಳೆ ಕಬ್ಬಿಣದ ಎಂಜಿನ್‌ಗಿಂತ ಮೂಗು ಹಗುರ. ಆದರೆ ಕಂಟ್ರೋಲರ್, ವೈರಿಂಗ್, ಪೆಟ್ರೋಲ್ ಪಂಪ್, ರೇಡಿಯೇಟರ್ ಸೇರಿದರೆ ಹತ್ತು ಸಾವಿರ ಡಾಲರ್ ದಾಟಿಯೇ ದಾಟುತ್ತದೆ.

ಅಷ್ಟಿಲ್ಲದವರಿಗೆ ಗುಜರಿಯಲ್ಲಿ ಸಿಗುವ ಶೆವಿ ಪಿಕಪ್ ಟ್ರಕ್ಕಿನ 5.3 ಲೀಟರ್. ಹೆಚ್ಚಿನವುಗಳ ಬ್ಲಾಕ್ ಕಬ್ಬಿಣ, ಭಾರ ಸ್ವಲ್ಪ ಜಾಸ್ತಿ, ಆದರೆ ತಳಿ ಅದೇ. ಒಂದು ಎಚ್ಚರಿಕೆ: ಟ್ರಕ್ಕಿನ ಆಯಿಲ್ ಪ್ಯಾನ್ ಕೆಳಗೆ ತೀರಾ ಇಳಿದಿರುತ್ತದೆ, ಹಂಪ್ ಬಡಿಯುತ್ತದೆ. ಎಂಜಿನ್ ಬದಲಾಯಿಸುವವರಿಗೆ ಅಂತಲೇ ಮಾಡಿದ ಪ್ಯಾನ್ ಕೊಳ್ಳಿ, ಒಳಗೆ ತಡೆ ಹಲಗೆ ಇರುವುದನ್ನೇ. ಒಳ್ಳೆ ಟೈರ್ ಹಾಕಿ ಉದ್ದ ತಿರುವಿನಲ್ಲಿ ಹೋದರೆ ಆಯಿಲ್ ಪೂರ್ತಿ ಒಂದು ಬದಿಗೆ ಸರಿದು ಪಂಪಿನ ಬಾಯಿಗೆ ಗಾಳಿ ಸಿಗುತ್ತದೆ. ಸೌತ್ ಹೇವನ್‌ನ ಜಿಂಜರ್‌ಮ್ಯಾನ್ ಟ್ರ್ಯಾಕ್‌ನಲ್ಲಿ ಒಂದು ಬಲ ತಿರುವಿನ ಮಧ್ಯೆ ನನ್ನ ಆಯಿಲ್ ಪ್ರೆಶರ್ ಮುಳ್ಳು ನಿಧಾನಕ್ಕೆ ಕೆಳಗೆ ಜಾರಿದ್ದು ಈಗಲೂ ಕಣ್ಣ ಮುಂದಿದೆ. ಕಾಲು ತೆಗೆದೆ, ಮುಳ್ಳು ಮೇಲೆ ಬಂತು. ಆ ದಿನ ಮತ್ತೆ ಜೋರಾಗಿ ಓಡಿಸಲಿಲ್ಲ.

ಫೋರ್ಡ್ ಕಯೋಟಿ 5.0. 2011ರ ಮಸ್ಟಾಂಗ್‌ನಲ್ಲಿ 412 ಹಾರ್ಸ್‌ಪವರ್‌ನಿಂದ ಶುರುವಾದದ್ದು. ಜೋರಾಗಿ ತಿರುಗಿಸಿದಾಗ ಆ ಸದ್ದಿಗೆ ಎಲ್‌ಎಸ್ ಸಾಟಿಯಲ್ಲ. ಆದರೆ ನಾಲ್ಕು ಕ್ಯಾಮ್‌ಶಾಫ್ಟ್ ತಲೆ ಮೇಲೆ ಹೊತ್ತಿರುವುದರಿಂದ ಬಲು ಅಗಲ. ಹಳೆ ಮಸ್ಟಾಂಗ್‌ನ ಶಾಕ್ ಟವರ್ ಕತ್ತರಿಸದೆ ಒಳಗೆ ಹೋಗುವುದಿಲ್ಲ. ಟವರ್ ಕತ್ತರಿಸಿದರೆ ಮುಂದಿನ ಸಸ್ಪೆನ್ಷನ್ ಪೂರ್ತಿ ಹೊಸದು ಬೇಕು. ಅಂದರೆ ಎಂಜಿನ್ ಆಯ್ಕೆ ಮಾಡಿದೆ ಅಂದುಕೊಂಡಿರುತ್ತೀರಿ, ನಿಜಕ್ಕೂ ಮಾಡಿದ್ದು ಸಸ್ಪೆನ್ಷನ್ ಆಯ್ಕೆ.

6.4 ಲೀಟರಿನ ಹೆಮಿ, 485 ಹಾರ್ಸ್‌ಪವರ್. ಡಾಡ್ಜ್ ಬಾಡಿ ಇದ್ದರೆ ಚೆನ್ನ, ಇಲ್ಲದಿದ್ದರೆ ಬೇಡ. ಇದೂ ಅಗಲವೇ, ತೂಕವೂ ಇದೆ.

ಯಾವುದು ಹಾಕಿದರೂ ಪೆಟ್ರೋಲ್ ಟ್ಯಾಂಕ್ ಮರೆಯಬೇಡಿ. ಹಳೆ ಟ್ಯಾಂಕಿನ ಒಳಗೆ ತಡೆ ಇಲ್ಲ. ಕಾಲು ಟ್ಯಾಂಕಿಗಿಂತ ಕಡಿಮೆ ಇದ್ದು ಗಕ್ಕನೆ ತಿರುಗಿದರೆ ಎಂಜಿನ್ ಒಂದು ಕ್ಷಣ ಬಿಕ್ಕಳಿಸುತ್ತದೆ. ಇಂಜೆಕ್ಷನ್‌ಗೆ ಅಂತ ಮಾಡಿದ, ಪಂಪ್ ಒಳಗೇ ಇರುವ ಟ್ಯಾಂಕ್ ರೆಡಿ ಸಿಗುತ್ತದೆ. ಎಲ್‌ಎಸ್‌ಗೆ 58 ಪಿಎಸ್‌ಐ ಒತ್ತಡ ಬೇಕು, ಅದಕ್ಕೆ ಕಾರ್ವೆಟ್‌ನ ಫಿಲ್ಟರ್ ಒಂದು ಹಾಕಿದರೆ ಒತ್ತಡ ನಿಯಂತ್ರಣವೂ ಅದರಲ್ಲೇ ಆಗಿಹೋಗುತ್ತದೆ. ಅಗ್ಗ, ಅಚ್ಚುಕಟ್ಟು.

ಗೇರ್‌ಬಾಕ್ಸ್

ಎರಡೇ ಮಾತು. ಟ್ರೆಮೆಕ್ ಟಿಕೆಎಕ್ಸ್ ಐದು ಗೇರ್, ಟಿ56 ಮ್ಯಾಗ್ನಮ್ ಆರು ಗೇರ್. ಮ್ಯಾಗ್ನಮ್ ಜಾಸ್ತಿ ಟಾರ್ಕ್ ತಡೆಯುತ್ತದೆ, 700 ಪೌಂಡ್-ಅಡಿ. ಟಿಕೆಎಕ್ಸ್ 600. ನಿಮ್ಮ ಎಲ್‌ಎಸ್3 ಕೊಡುವುದೇ 425ರ ಆಸುಪಾಸು. ಮ್ಯಾಗ್ನಮ್ ಮೈ ದೊಡ್ಡದು, ಅದನ್ನು ಕೂರಿಸಲು ಕಮಾರೊದ ನೆಲದ ಸುರಂಗ ಕತ್ತರಿಸಬೇಕು. ಟಿಕೆಎಕ್ಸ್ ಬಹುತೇಕ ಹಾಗೇ ಕೂರುತ್ತದೆ. ಆರನೇ ಗೇರ್ ಹಾಕಿ ಹೈವೇಯಲ್ಲಿ ಹೋಗುವ ಸುಖಕ್ಕೆ ನೆಲ ಕತ್ತರಿಸುವಷ್ಟು ಧೈರ್ಯ ನನಗಿರಲಿಲ್ಲ.

ಬ್ರೇಕು, ಟೈರು

ದೊಡ್ಡ ಬ್ರೇಕ್ ಚೆನ್ನಾಗಿ ಕಾಣುತ್ತದೆ, ಅದಕ್ಕೇ ಮಾರಾಟ ಆಗುತ್ತದೆ. ಆಟೋಕ್ರಾಸ್‌ನಲ್ಲಿ ಒಂದು ಸುತ್ತು ಸುಮಾರು ಒಂದು ನಿಮಿಷ, ಬ್ರೇಕ್ ಬಿಸಿಯಾಗುವ ಮೊದಲೇ ಮುಗಿದಿರುತ್ತದೆ. ಅಲ್ಲಿಗೆ ಸಾಧಾರಣ ಡಿಸ್ಕ್ ಸಾಕು. ಟ್ರ್ಯಾಕ್‌ನಲ್ಲಿ ಒಂದು ಸೆಷನ್ 20 ನಿಮಿಷ, ಅಲ್ಲಿ ಶಾಖವೇ ಶತ್ರು. ವಿಲ್‌ವುಡ್, ಬೇರ್ ಕಿಟ್‌ಗಳು ಇವೆ. 1997–2004ರ ಕಾರ್ವೆಟ್ ಬ್ರೇಕ್‌ಗಳನ್ನು ಬ್ರಾಕೆಟ್ ಹಾಕಿ ಕೂರಿಸುವುದು ನನ್ನ ಆಯ್ಕೆ, ಯಾಕೆಂದರೆ ಪ್ಯಾಡ್ ಊರಿನ ಯಾವ ಪಾರ್ಟ್ಸ್ ಅಂಗಡಿಯಲ್ಲೂ ಸಿಗುತ್ತದೆ. ಇವಕ್ಕೆ 17 ಇಂಚಿನ ಚಕ್ರವಾದರೂ ಬೇಕು. ದುಡ್ಡು ಉಳಿದರೆ ಒಳ್ಳೆ ಪ್ಯಾಡು, ಹೊಸ ಬ್ರೇಕ್ ಆಯಿಲ್, ಗಾಳಿ ಹೋಗುವ ಪೈಪು. ಆರು ಪಿಸ್ಟನ್ ಕ್ಯಾಲಿಪರ್‌ಗಿಂತ ಇವು ಹೆಚ್ಚು ಕೆಲಸಕ್ಕೆ ಬರುತ್ತವೆ.

ಟೈರ್ ಮಾತ್ರ ಜಿಪುಣತನ ಬೇಡ. 200 ಟ್ರೆಡ್‌ವೇರ್ (ಸವೆತದ ಅಂಕ) ಗುರುತಿನ ಮೆತ್ತನೆ ಟೈರ್ ನಾಲ್ಕು ಹಾಕಿದರೆ ಸಿಗುವ ಸಮಯ, ನೂರು ಹಾರ್ಸ್‌ಪವರ್ ಸೇರಿಸಿದರೂ ಕೋನ್‌ಗಳ ನಡುವೆ ಸಿಗುವುದಿಲ್ಲ. ಆದರೆ ಚಕ್ರ ಆರ್ಡರ್ ಮಾಡುವ ಮೊದಲು ಅಳೆಯಿರಿ. ಸ್ಪ್ರಿಂಗ್ ತೆಗೆದು, ಸಸ್ಪೆನ್ಷನ್ ಪೂರ್ತಿ ಮೇಲಕ್ಕೆ ಒತ್ತಿ, ಸ್ಟೀರಿಂಗ್ ಎರಡೂ ಕಡೆ ಕೊನೆವರೆಗೆ ತಿರುಗಿಸಿ ಅಳೆಯಿರಿ. ನಾನು ನೆಟ್ಟಗೆ ನಿಂತ ಚಕ್ರಕ್ಕೆ ಟೇಪ್ ಹಿಡಿದು ಆರ್ಡರ್ ಮಾಡಿದೆ. ಮೊದಲ ಆಟೋಕ್ರಾಸ್ ಮುಗಿಸಿ ಬಂದು ನೋಡಿದರೆ ಬಲಗಡೆ ಫೆಂಡರ್‌ನ ಒಳ ಅಂಚು ಬ್ಲೇಡಿನಂತೆ ಹೊಳೆಯುತ್ತಿತ್ತು, ಟೈರಿನ ಭುಜದ ಮೇಲೆ ಸುತ್ತಲೂ ಕತ್ತರಿಸಿದ ಗೆರೆ.

ಹಾಗಾದರೆ ನಾನು ಮತ್ತೆ ಶುರು ಮಾಡಿದರೆ?

ಆಟೋಕ್ರಾಸ್ ಮಾತ್ರ, ಬಜೆಟ್ ಬಿಗಿ: ಹಳೆ ಮಸ್ಟಾಂಗ್ ಅಥವಾ ಡಾರ್ಟ್, ಹಳೆ ಸ್ಮಾಲ್ ಬ್ಲಾಕ್, ತೂತು ಕೊರೆದ ಸಸ್ಪೆನ್ಷನ್ (ಡಾರ್ಟ್ ಆದರೆ ದಪ್ಪ ಟಾರ್ಷನ್ ಬಾರ್), ಒಳ್ಳೆ ಟೈರ್. ಟ್ರ್ಯಾಕ್ ಮತ್ತು ರಸ್ತೆ ಎರಡೂ: ಆರು ಸಿಲಿಂಡರಿನ ಕಮಾರೊ, ಎರಡನೇ ಮೆಟ್ಟಿಲಿನ ಕಿಟ್ ಮುಂದೆ ಹಿಂದೆ ಒಂದೇ ಕಂಪನಿಯದು, ಟ್ರಕ್ಕಿನ 5.3, ಟಿಕೆಎಕ್ಸ್. ಕುಟುಂಬ ಸಮೇತ ಉದ್ದ ಪ್ರಯಾಣ: ಶೆವೆಲ್, ಎಲ್‌ಎಸ್3. ದುಡ್ಡು ಲೆಕ್ಕವಿಲ್ಲ ಅನ್ನುವವರು ಮೂರನೇ ಮೆಟ್ಟಿಲಿಗೆ ನೇರ ಹೋಗಿ, ನನ್ನಂಥವರ ಮಾತು ಕೇಳಬೇಡಿ.

ಬೆಂಗಳೂರಿನಿಂದ ಗೆಳೆಯರು ಕೇಳುತ್ತಿರುತ್ತಾರೆ, ಅಲ್ಲಿ ಹಳೆ ಕಾಂಟೆಸ್ಸಾಗೆ ಹೀಗೇ ಮಾಡಬಹುದಾ ಅಂತ. ಗ್ಯಾರೇಜಿನ ಕೆಲಸ ಕಷ್ಟವಲ್ಲ, ಆರ್‌ಟಿಒ ಕಷ್ಟ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಬದಲಾಯಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಇಲ್ಲಿ ಮಿಶಿಗನ್‌ನಲ್ಲಿ ವರ್ಷವರ್ಷದ ಹೊಗೆ ತಪಾಸಣೆಯೇ ಇಲ್ಲ. ಕ್ಯಾಲಿಫೋರ್ನಿಯಾದಲ್ಲೂ 1975ರವರೆಗಿನ ಮಾಡೆಲ್‌ಗಳಿಗೆ ವಿನಾಯಿತಿ ಇದೆ. ಈ ಹವ್ಯಾಸ ಇಲ್ಲಿ ಬೆಳೆದದ್ದಕ್ಕೆ ಅದೂ ಒಂದು ಕಾರಣ.

ಬಣ್ಣದ ಬಗ್ಗೆ ಕೇಳಬೇಡಿ. ನನ್ನದು ಇನ್ನೂ ಬೂದು ಪ್ರೈಮರ್‌ನಲ್ಲೇ ಇದೆ, ಬಲಗಡೆ ಫೆಂಡರ್ ಮಾತ್ರ ಕಪ್ಪು, ಅದು ಹೊಸದು.